ಹಳೆ ಸೈಕಲ್ಲಿಗೆ ಮೋಟಾರ್ ಕೂರಿಸಿದ ಐದು ತಿಂಗಳು

ಮೊನ್ನೆ ಭಾನುವಾರ ನನ್ನ ಸೈಕಲ್ಲಿನ ಮೀಟರ್ 300 ಕಿಲೋಮೀಟರ್ ದಾಟಿತು. ಮೋಟಾರ್ ಕಿಟ್ ಆರ್ಡರ್ ಮಾಡಿದ ದಿನದಿಂದ ಲೆಕ್ಕ ಹಾಕಿದರೆ ಐದು ತಿಂಗಳು ಹನ್ನೊಂದು ದಿನ. ಅದರಲ್ಲಿ ಕೈಗೆ ಗ್ರೀಸು ಮೆತ್ತಿಕೊಂಡು ಕೆಲಸ ಮಾಡಿದ್ದು ಹೆಚ್ಚೆಂದರೆ ಹತ್ತು ರಜಾದಿನ. ಉಳಿದ ದಿನಗಳೆಲ್ಲ ಪಾರ್ಸೆಲ್ ಕಾಯುವುದರಲ್ಲಿ, ತಪ್ಪು ಸಾಮಾನು ವಾಪಸ್ ಕಳಿಸುವುದರಲ್ಲಿ, ಸುಟ್ಟದ್ದನ್ನು ಮತ್ತೆ ತರಿಸುವುದರಲ್ಲಿ ಹೋದವು. ಈ ಕೆಲಸಕ್ಕೆ ಕೈ ಹಾಕುವವರಿಗೆ ಅದರಲ್ಲಿ ಎರಡು ತಿಂಗಳಾದರೂ ಉಳಿಯಲಿ ಅಂತ, ನೆನಪು ಹಸಿಯಾಗಿರುವಾಗಲೇ ಬರೆದಿಡುತ್ತಿದ್ದೇನೆ.

ಕೆಲಸದ ಜಾಗಕ್ಕೆ ನಮ್ಮ ಮನೆಯಿಂದ 11 ಕಿಲೋಮೀಟರ್. ಒಂಬತ್ತು ಕಿಲೋಮೀಟರ್ ಸಮತಟ್ಟು, ಕೊನೆಯ ಎರಡು ಏರು. ಆ ಏರು ಹತ್ತಿ ಮುಗಿಸುವ ಹೊತ್ತಿಗೆ ಅಂಗಿ ಒದ್ದೆ, ಎಡ ಮಂಡಿಯಲ್ಲಿ ನೋವು. ಹೊಸ ಎಲೆಕ್ಟ್ರಿಕ್ ಸೈಕಲ್ ಕೊಳ್ಳಬಹುದಿತ್ತು, ಆದರೆ ಹದಿನೈದು ವರ್ಷ ನನ್ನನ್ನು ಹೊತ್ತ ಈ ಉಕ್ಕಿನ ಫ್ರೇಮನ್ನು ಮೂಲೆಗೆ ಹಾಕಲು ಮನಸ್ಸು ಬರಲಿಲ್ಲ.

ಮೊದಲು ತೀರ್ಮಾನಿಸಬೇಕಿದ್ದದ್ದು ಮೋಟಾರ್ ಎಲ್ಲಿ ಕೂರಬೇಕು ಎನ್ನುವುದು. ಪೆಡಲ್ ಹತ್ತಿರ ಕೂರುವ ಮೋಟಾರ್ ಸೈಕಲ್ಲಿನ ಗೇರುಗಳನ್ನೇ ಬಳಸಿಕೊಳ್ಳುತ್ತದೆ, ಹಾಗಾಗಿ ಏರಿಗೆ ಅದರಷ್ಟು ಚೆನ್ನಾದದ್ದು ಬೇರೆ ಇಲ್ಲ. ಆದರೆ ಚೈನು, ಹಲ್ಲುಚಕ್ರ ಬೇಗ ಸವೆಯುತ್ತವೆ. ಚಕ್ರದ ಹಬ್‌ನೊಳಗೇ ಕೂರುವ ಮೋಟಾರಿನಲ್ಲಿ ಎರಡು ಜಾತಿ. ಒಳಗೆ ಗೇರ್ ಇಲ್ಲದ್ದು ಭಾರ, ಆದರೆ ಸದ್ದಿಲ್ಲ, ಇಳಿಜಾರಿನಲ್ಲಿ ಬ್ಯಾಟರಿಗೆ ಸ್ವಲ್ಪ ಕರೆಂಟ್ ವಾಪಸ್ ಕೊಡಬಲ್ಲದು. ಗೇರ್ ಇರುವುದು ಹಗುರ, ಕಡಿಮೆ ವೇಗದಲ್ಲೂ ಒಳ್ಳೆ ಎಳೆತ, ಮೋಟಾರ್ ಆಫ್ ಆದಾಗ ಮಾಮೂಲಿ ಸೈಕಲ್ಲಿನ ಹಾಗೆ ಸಲೀಸಾಗಿ ಉರುಳುತ್ತದೆ. ನಾನು ಈ ಎರಡನೆಯದನ್ನೇ ಆರಿಸಿದೆ: ಹಿಂಚಕ್ರಕ್ಕೆ, 36 ವೋಲ್ಟ್, 250 ವ್ಯಾಟ್, ರಿಮ್ಮಿಗೆ ಕಡ್ಡಿ ಕಟ್ಟಿಯೇ ಬಂದದ್ದು. ಮೋಟಾರ್ ಮಾತ್ರ ತರಿಸಿ ಕಡ್ಡಿ ನೀವೇ ಕಟ್ಟುವುದಾದರೆ ಕಡ್ಡಿಯ ಉದ್ದದ ಲೆಕ್ಕ ಬೇರೆಯಾಗುತ್ತದೆ. ಹಬ್ ದಪ್ಪವಿರುವುದರಿಂದ ಮಾಮೂಲಿ ಕಡ್ಡಿಗಳು ಉದ್ದವಾಗಿಬಿಡುತ್ತವೆ.

250 ವ್ಯಾಟ್ ಸಾಕಾ ಅಂತ ಎಲ್ಲರೂ ಕೇಳುತ್ತಾರೆ. ಯುರೋಪಿನ ಒಕ್ಕೂಟದಲ್ಲಿ ಸೈಕಲ್ ಸೈಕಲ್ಲಾಗಿಯೇ ಉಳಿಯಬೇಕಾದರೆ ಮಿತಿ 250 ವ್ಯಾಟ್, ಗಂಟೆಗೆ 25 ಕಿಲೋಮೀಟರ್. ಅಮೆರಿಕದ ಕೇಂದ್ರ ಕಾನೂನಿನಲ್ಲಿ 750 ವ್ಯಾಟ್, 20 ಮೈಲಿ. ಮಿತಿ ದಾಟಿದರೆ ನೋಂದಣಿ, ಲೈಸೆನ್ಸ್, ವಿಮೆ ಎಲ್ಲ ಬೆನ್ನು ಹತ್ತಬಹುದು. ಸಾಮಾನು ತರಿಸುವ ಮೊದಲೇ ನೀವಿರುವ ಕಡೆಯ ನಿಯಮ ಓದಿಕೊಳ್ಳಿ. ವ್ಯಾಟ್‌ಗಿಂತ ನಾನು ಹೆಚ್ಚು ತಲೆ ಕೆಡಿಸಿಕೊಂಡದ್ದು ಮೋಟಾರಿನ ಸುತ್ತುಗಳ ಬಗ್ಗೆ. ನನ್ನದು 36 ವೋಲ್ಟಿಗೆ ನಿಮಿಷಕ್ಕೆ ಸುಮಾರು 200 ಸುತ್ತು. 26 ಇಂಚಿನ ಚಕ್ರದ ಸುತ್ತಳತೆ ಸುಮಾರು 2.07 ಮೀಟರ್. ಎರಡನ್ನೂ ಗುಣಿಸಿದರೆ ನಿಮಿಷಕ್ಕೆ 414 ಮೀಟರ್, ಅಂದರೆ ಗಂಟೆಗೆ ಹತ್ತಿರ ಹತ್ತಿರ 25 ಕಿಲೋಮೀಟರ್. ಇದಕ್ಕಿಂತ ವೇಗದ ಸುತ್ತಿನದನ್ನು ತಂದು ಏರಿನಲ್ಲಿ ಹತ್ತು ಕಿಲೋಮೀಟರ್ ವೇಗದಲ್ಲಿ ತೆವಳಿಸಿದರೆ ಬ್ಯಾಟರಿಯ ಕರೆಂಟಿನ ದೊಡ್ಡ ಪಾಲು ಮೋಟಾರಿನ ಬಿಸಿಯಾಗಿ ಹೋಗುತ್ತದೆ.

ಕಿಟ್ ಮೂರು ವಾರಕ್ಕೆ ಬಂತು. ಡಬ್ಬ ಬಿಚ್ಚಿ ಚಕ್ರ ಎತ್ತಿ ಫ್ರೇಮಿಗೆ ಹಿಡಿದರೆ ಒಳಗೆ ಹೋಗಲಿಲ್ಲ. ನಮ್ಮಕ್ಕ ಎಲೆಕ್ಟ್ರಾನಿಕ್ಸ್ ರಿಪೇರಿ ಮಾಡುವವಳು, ಅವತ್ತು ಮನೆಯಲ್ಲೇ ಇದ್ದಳು. ಟೇಪು ಹಿಡಿದು ಅಳೆದು, "130 ಇದೆ. ಮೋಟಾರಿನದ್ದು 135. ಆರ್ಡರ್ ಮಾಡೋ ಮೊದಲು ಅಳೀಲಿಲ್ಲವೇನೋ?" ಅಂದಳು. ಅಳೆದಿರಲಿಲ್ಲ. ಚಕ್ರದ ಇಂಚು ನೋಡಿದ್ದೆ, ಫ್ರೇಮಿನ ಹಿಂದಿನ ಎರಡು ಕಾಲುಗಳ ನಡುವಿನ ಅಂತರ ನೋಡಿರಲಿಲ್ಲ.

ನನ್ನದು ಉಕ್ಕಿನ ಫ್ರೇಮ್ ಆದ್ದರಿಂದ ಬಚಾವಾದೆ. ಉಕ್ಕನ್ನು ಐದು ಮಿಲಿಮೀಟರ್ ಅಗಲಿಸಬಹುದು, ಆದರೆ ಎರಡೂ ಕಡೆ ಸಮನಾಗಿ ಬಾಗಬೇಕು, ಆಕ್ಸಲ್ ಕೂರುವ ಕಚ್ಚುಗಳು ಒಂದಕ್ಕೊಂದು ನೇರ ನಿಲ್ಲಬೇಕು. ಇದನ್ನು ಒಬ್ಬ ಹಿರಿಯ ಸೈಕಲ್ ಮೇಸ್ತ್ರಿ ಮಾಡಿಕೊಟ್ಟರು. ದಾರ ಕಟ್ಟಿ ನೋಡುವುದು, ಸ್ವಲ್ಪ ಬಾಗಿಸುವುದು, ಮತ್ತೆ ದಾರ ಕಟ್ಟುವುದು. ಮುಗಿಯಲು ಒಂದು ಗಂಟೆ ಹಿಡಿಯಿತು. ಅಲ್ಯೂಮಿನಿಯಂ ಫ್ರೇಮಾಗಿದ್ದರೆ ಈ ಕೆಲಸಕ್ಕೆ ಯಾರೂ ಕೈ ಹಾಕಬಾರದು. ಅದು ಬಾಗುವುದಿಲ್ಲ, ಒಳಗೊಳಗೇ ಸೀಳಿ ಒಂದು ದಿನ ಮುರಿಯುತ್ತದೆ.

ಇನ್ನೂ ಎರಡು ಅಳತೆ ನೋಡಿಕೊಳ್ಳಿ. ಮೋಟಾರಿನ ಆಕ್ಸಲ್ ದುಂಡಗಿರುವುದಿಲ್ಲ. 12 ಮಿಲಿಮೀಟರ್ ದಪ್ಪದ ಸರಳಿನ ಎರಡು ಬದಿ ಚಪ್ಪಟೆ ಮಾಡಿ 10 ಮಿಲಿಮೀಟರಿಗೆ ತಂದಿರುತ್ತಾರೆ, ಕಚ್ಚಿನಲ್ಲಿ ತಿರುಗದೆ ಕೂರಲಿ ಅಂತ. ನನ್ನ ಕಚ್ಚಿಗೆ ಪೇಂಟು ದಪ್ಪವಾಗಿ ಕೂತಿದ್ದರಿಂದ ಆಕ್ಸಲ್ ಇಳಿಯಲಿಲ್ಲ. ಸಣ್ಣ ಅರದಿಂದ ಪೇಂಟನ್ನಷ್ಟೇ ಕೆರೆದೆ. ಲೋಹ ಉಜ್ಜಿದರೆ ಕಚ್ಚು ಸಡಿಲವಾಗುತ್ತದೆ, ಸಡಿಲವಾದರೆ ಆಗುವುದೇನು ಅಂತ ಮುಂದೆ ಹೇಳುತ್ತೇನೆ. ಡಿಸ್ಕ್ ಬ್ರೇಕ್ ಇರುವವರು ಮೋಟಾರಿನ ಮುಚ್ಚಳಕ್ಕೂ ಬ್ರೇಕಿನ ಕ್ಯಾಲಿಪರಿಗೂ ನಡುವೆ ಜಾಗ ಇದೆಯಾ ಅಂತಲೂ ನೋಡಬೇಕು. ನನ್ನದು ರಿಮ್ ಬ್ರೇಕ್, ಆ ತಾಪತ್ರಯ ಬರಲಿಲ್ಲ.

ಬ್ಯಾಟರಿಗೆ ಏಳು ವಾರ ಕಾದೆ. ಸೆಲ್ ತಂದು ನಾನೇ ಕಟ್ಟುವ ಯೋಚನೆ ಇತ್ತು. ಅಕ್ಕ ಒಪ್ಪಲಿಲ್ಲ. ಲಿಥಿಯಂ ಸೆಲ್ಲುಗಳಿಗೆ ಸೋಲ್ಡರ್ ಇಡುವಂತಿಲ್ಲ, ಆ ಬಿಸಿಗೆ ಒಳಗಿನ ಪದರ ಹಾಳಾಗುತ್ತದೆ. ನಿಕ್ಕಲ್ ಪಟ್ಟಿಯನ್ನು ಸ್ಪಾಟ್ ವೆಲ್ಡ್ ಮಾಡಬೇಕು. ಒಂದು ಪಟ್ಟಿ ಜಾರಿ ಶಾರ್ಟ್ ಆದರೂ ಬೆಂಕಿ. ಮೊದಲ ಸಲ ಮಾಡುವವರು ಬ್ಯಾಟರಿಯನ್ನು ಸಿದ್ಧವಾಗಿಯೇ ಕೊಳ್ಳಿ ಎನ್ನುವುದು ನನ್ನ ಖಚಿತ ಅಭಿಪ್ರಾಯ. ನಾನು ತರಿಸಿದ್ದರಲ್ಲಿ 2600 ಮಿಲಿ ಆಂಪಿಯರ್ ಅವರ್‌ನ 50 ಸೆಲ್ಲುಗಳಿವೆ. ಐದೈದು ಸೆಲ್ ಪಕ್ಕಪಕ್ಕ ಜೋಡಿಸಿದ ಒಂದೊಂದು ಗುಂಪು, ಅಂಥ ಹತ್ತು ಗುಂಪು ಒಂದರ ಹಿಂದೊಂದು. ಹೆಸರಿಗೆ 36 ವೋಲ್ಟ್, ಪೂರ್ತಿ ಚಾರ್ಜ್ ಆದಾಗ 42 ವೋಲ್ಟ್. 36 ವೋಲ್ಟ್, 13 ಆಂಪಿಯರ್ ಅವರ್, ಒಟ್ಟು 468 ವ್ಯಾಟ್ ಅವರ್.

ಆ ಕೊನೆಯ ಅಂಕಿಯೇ ನನ್ನನ್ನು ಕಾಯಿಸಿದ್ದು. 100 ವ್ಯಾಟ್ ಅವರ್ ಮೀರಿದ ಲಿಥಿಯಂ ಬ್ಯಾಟರಿ ಸಾಗಣೆಯ ಲೆಕ್ಕದಲ್ಲಿ ಪೂರ್ತಿ ಅಪಾಯಕಾರಿ ಸರಕು, ಒಂಬತ್ತನೇ ವರ್ಗ. ಬಿಡಿಯಾಗಿ ಕಳಿಸುವ ಲಿಥಿಯಂ ಅಯಾನ್ ಬ್ಯಾಟರಿಯನ್ನು 2016ರಿಂದ ಪ್ರಯಾಣಿಕರ ವಿಮಾನದಲ್ಲಿ ಸರಕಾಗಿ ಹಾಕುವಂತಿಲ್ಲ. ಸರಕು ವಿಮಾನದಲ್ಲಾದರೆ ಚಾರ್ಜು ಶೇಕಡ 30ರೊಳಗೆ ಇರಬೇಕು. ನನ್ನ ಪಾರ್ಸೆಲ್ ಮಧ್ಯದಲ್ಲೆಲ್ಲೋ ನಿಂತುಬಿಟ್ಟಿತು. ಲಿಥಿಯಂ ಬ್ಯಾಟರಿ ಸಾಗಣೆಗೆ ಸುರಕ್ಷಿತವೇ ಅಂತ ನೋಡುವ ಯುಎನ್ 38.3 ಪರೀಕ್ಷೆಯ ಸಾರಾಂಶ ಪತ್ರ ಬೇಕು ಅಂತ ಸಾಗಣೆಯವರು, ಕೊಟ್ಟಿದ್ದೇವೆ ಅಂತ ಮಾರಿದವರು. ಹದಿನೆಂಟು ದಿನ ಇಬ್ಬರಿಗೂ ಒಂದೇ ಪ್ರಶ್ನೆ ಬರೆದು ಬರೆದು ಸಾಕಾಯಿತು. ಕೊನೆಗೆ ಗೊತ್ತಾದದ್ದು, ಅವರು ಕಳಿಸಿದ್ದ ಪತ್ರದಲ್ಲಿದ್ದ ಮಾಡೆಲ್ ನಂಬರ್ ಬೇರೆ, ಬ್ಯಾಟರಿಯ ಮೇಲಿದ್ದ ಚೀಟಿಯ ನಂಬರ್ ಬೇರೆ. ಹಣ ಕಟ್ಟುವ ಮೊದಲೇ ಆ ಪರೀಕ್ಷಾ ಪತ್ರ, ಸುರಕ್ಷತಾ ಮಾಹಿತಿ ಪತ್ರ, ಬ್ಯಾಟರಿಯ ಮೇಲಿನ ಚೀಟಿಯ ಫೋಟೋ, ಮೂರನ್ನೂ ತರಿಸಿಕೊಂಡು ನಂಬರುಗಳನ್ನು ನೀವೇ ತಾಳೆ ನೋಡಿ. ಹತ್ತು ನಿಮಿಷದ ಕೆಲಸ.

ಬಂದ ಬ್ಯಾಟರಿಯನ್ನು ಚಾರ್ಜಿಗೆ ಹಾಕಿದೆವು. ಸಿಮೆಂಟ್ ನೆಲದ ಮೇಲೆ, ಬಾಗಿಲ ದಾರಿಗೆ ಅಡ್ಡವಾಗದ ಹಾಗೆ, ಹಗಲು ಹೊತ್ತಿನಲ್ಲಿ, ಪಕ್ಕದಲ್ಲೇ ಕೂತು. ಈಗಲೂ ರಾತ್ರಿ ಚಾರ್ಜಿಗೆ ಹಾಕಿ ಮಲಗುವ ಅಭ್ಯಾಸ ನಮ್ಮಲ್ಲಿಲ್ಲ. ಚಾರ್ಜರಿನ ದೀಪ ಹಸಿರಾದ ಮೇಲೆ ಅಕ್ಕ ಬ್ಯಾಟರಿಯ ಸಣ್ಣ ಕನೆಕ್ಟರಿಗೆ ಮಲ್ಟಿಮೀಟರ್ ಕಡ್ಡಿ ತಾಗಿಸಿ ಒಂದೊಂದೇ ಗುಂಪಿನ ವೋಲ್ಟ್ ಓದುತ್ತಾ ಹೋದಳು, ನಾನು ಬರೆದುಕೊಂಡೆ. 4.19, 4.18, 4.19, 4.19, 4.18, 4.19. ಏಳನೆಯದು 4.02. ಮತ್ತೆ ಮೂರು 4.19. ನನ್ನ ಎದೆ ಧಸಕ್ಕೆಂದಿತು. ಅಕ್ಕ ಚಾರ್ಜರ್ ತೆಗೆಯದೆ ಹಾಗೇ ಬಿಡು ಅಂದಳು. ಗುಂಪುಗಳನ್ನು ಸರಿದೂಗಿಸುವುದು ಒಳಗಿರುವ ಬಿಎಂಎಸ್ ಎಂಬ ಕಾವಲು ಬೋರ್ಡಿನ ಕೆಲಸ. ಹೆಚ್ಚಾಗಿರುವ ಗುಂಪುಗಳಿಂದ ಅದು ಹನಿಹನಿಯಾಗಿ ಇಳಿಸುತ್ತದೆ, ಅದಕ್ಕೆ ಹೊತ್ತು ಬೇಕು. ಅವತ್ತು ಸಂಜೆವರೆಗೆ, ಮರುದಿನ ಬೆಳಿಗ್ಗೆಯಿಂದ ಮತ್ತೆ. ಎರಡನೇ ದಿನ ಮಧ್ಯಾಹ್ನ ಏಳನೆಯದು 4.17ಕ್ಕೆ ಬಂದು ಕೂತಿತು. ಹಾಗೆ ಬಾರದಿದ್ದರೆ, ಇಲ್ಲವೇ ಎರಡು ದಿನ ಸುಮ್ಮನಿಟ್ಟಾಗ ಆ ಒಂದೇ ಗುಂಪು ಇಳಿಯುತ್ತಿದ್ದರೆ, ಬ್ಯಾಟರಿ ವಾಪಸ್ ಕಳಿಸುವುದೇ ಸರಿ.

ಜೋಡಣೆ ಒಂದೂವರೆ ದಿನದಲ್ಲಿ ಮುಗಿಯಿತು. ಕನೆಕ್ಟರುಗಳಿಗೆಲ್ಲ ಬಣ್ಣವಿದೆ, ಬಾಣದ ಗುರುತಿದೆ, ತಪ್ಪಲು ಕಷ್ಟ. ತುಳಿಯುವುದನ್ನು ಗುರುತಿಸುವ ಪೆಡಲ್ ಸೆನ್ಸರಿನ ಅಯಸ್ಕಾಂತದ ಬಿಲ್ಲೆಗೆ ಮಾತ್ರ ದಿಕ್ಕಿದೆ. ತಿರುಗಾಮುರುಗಾ ಹಾಕಿದರೆ ಮುಂದಕ್ಕೆ ತುಳಿದಾಗ ಮೋಟಾರ್ ಏಳುವುದೇ ಇಲ್ಲ. ಬ್ಯಾಟರಿ ಸಿಕ್ಕಿಸುವಾಗ 'ಟಪ್' ಅಂತ ಕಿಡಿ ಹಾರಿದರೆ ಗಾಬರಿಯಾಗಬೇಡಿ, ಮೋಟಾರಿಗೆ ಕರೆಂಟ್ ಹಂಚುವ ಕಂಟ್ರೋಲರ್ ಡಬ್ಬದೊಳಗಿನ ಕೆಪಾಸಿಟರ್ ಒಮ್ಮೆಲೇ ತುಂಬಿಕೊಳ್ಳುವುದರಿಂದ ಅದು ಬರುತ್ತದೆ. ದಿನವೂ ಹಾರಿದರೆ ಪಿನ್ ಸುಟ್ಟು ಕಪ್ಪಾಗುತ್ತದೆ, ಆದ್ದರಿಂದ ಕಿಡಿ ತಡೆಯುವ ರೆಸಿಸ್ಟರ್ ಒಳಗೇ ಇರುವ ಕನೆಕ್ಟರ್ ಹಾಕಿಸಿ. ವೈರ್‌ಗಳು ಕನೆಕ್ಟರ್ ತಲುಪುವ ಮೊದಲು ಒಮ್ಮೆ ಕೆಳಗೆ ಬಾಗಿ ಮೇಲೇಳುವ ಹಾಗೆ ಕಟ್ಟಿ. ಮಳೆ ನೀರು ಆ ಬಾಗಿನಿಂದಲೇ ತೊಟ್ಟಿಕ್ಕಿ ಹೋಗುತ್ತದೆ.

ಮೊದಲ ಸವಾರಿಯ ದಿನ ಆ ಏರಿನ ಬುಡದಲ್ಲಿ ಸೈಕಲ್ ನಿಲ್ಲಿಸಿದೆ. ತುಳಿಯಲು ಶುರುಮಾಡಿದ ಅರ್ಧ ಸುತ್ತಿಗೆ ಬೆನ್ನ ಹಿಂದೆ ಯಾರೋ ಸೀಟು ಹಿಡಿದು ಮೆಲ್ಲಗೆ ತಳ್ಳಿದಂತಾಯಿತು. ಚಿಕ್ಕವನಿದ್ದಾಗ ಅಕ್ಕ ಹಾಗೆ ಹಿಡಿದುಕೊಂಡು ಓಡುತ್ತಿದ್ದಳು. ಸದಾ ಇಳಿದು ತಳ್ಳುತ್ತಿದ್ದ ತಿರುವನ್ನು ಕೂತೇ ದಾಟಿದೆ. ಮೇಲೆ ತಲುಪಿ ನಿಂತಾಗ ಉಸಿರು ಮಾಮೂಲಾಗಿತ್ತು, ಕಣ್ಣು ಮಾತ್ರ ತುಂಬಿಬಂದಿತ್ತು.

ಈ ಸಂತೋಷ ಒಂಬತ್ತು ದಿನ.

ಕಿಟ್ ಜೊತೆಗೇ ಟಾರ್ಕ್ ಆರ್ಮ್ ತರಿಸಿದ್ದೆ. ಆಕ್ಸಲ್ಲಿನ ಚಪ್ಪಟೆ ಬದಿಗೆ ಬಿಗಿಯಾಗಿ ಕಚ್ಚಿಕೊಂಡು, ಇನ್ನೊಂದು ತುದಿ ಫ್ರೇಮಿಗೆ ಬಿಗಿಯುವ ಉಕ್ಕಿನ ಪಟ್ಟಿ ಅದು. ಅದರ ಕ್ಲಿಪ್ಪು ನನ್ನ ಫ್ರೇಮಿನ ಕೊಳವೆಗೆ ದೊಡ್ಡದಾಗಿತ್ತು. ಸರಿಯಾದ ಕ್ಲಿಪ್ ಬರಲಿ, ಮುಂದಿನ ವಾರ ಹಾಕೋಣ ಅಂತ ಬಿಟ್ಟೆ. ಆ ಒಂದು ವಾರದ ನಿರ್ಧಾರಕ್ಕೆ ಆರು ವಾರ ತೆತ್ತೆ.

ಮಾಮೂಲಿ ಸೈಕಲ್ಲಿನ ಆಕ್ಸಲ್‌ಗೆ ಚಕ್ರವನ್ನು ಹೊರುವುದಷ್ಟೇ ಕೆಲಸ. ಹಬ್ ಮೋಟಾರಿನಲ್ಲಿ ಹೊರಗಿನ ಚಿಪ್ಪು ಮುಂದಕ್ಕೆ ತಿರುಗಬೇಕಾದರೆ ಆಕ್ಸಲ್ ಅಷ್ಟೇ ಬಲದಿಂದ ಹಿಂದಕ್ಕೆ ತಿರುಗಲು ಹವಣಿಸುತ್ತದೆ. ಅದನ್ನು ತಡೆಯುವುದು ಕಚ್ಚಿನ ಅಂಚುಗಳು. ಏರಿನಲ್ಲಿ ಮೋಟಾರ್ 40 ನ್ಯೂಟನ್ ಮೀಟರ್ ತಿರುಚುಬಲ ಕೊಟ್ಟರೆ, ಹತ್ತು ಮಿಲಿಮೀಟರಿನಷ್ಟು ಜಾಗದಲ್ಲಿ ಆ ಅಂಚಿನ ಮೇಲೆ ಬೀಳುವುದು ಸುಮಾರು 4000 ನ್ಯೂಟನ್, ಅಂದರೆ 400 ಕಿಲೋ ಭಾರ ಇಟ್ಟಷ್ಟು. ಅದೇ ಬಲವನ್ನು ಹತ್ತು ಸೆಂಟಿಮೀಟರ್ ಉದ್ದದ ಟಾರ್ಕ್ ಆರ್ಮ್ ಹಿಡಿದರೆ ಅದರ ತುದಿಗೆ 40 ಕಿಲೋ ಸಾಕು.

ಹತ್ತನೇ ದಿನ, ಏರಿನ ನಡುವೆ, ಥ್ರಾಟಲ್ (ಸ್ಕೂಟರಿನ ಎಕ್ಸಲರೇಟರಿನಂಥ ಹಿಡಿ) ಪೂರ್ತಿ ತಿರುಗಿಸಿದಾಗ ಹಿಂದೆ 'ಟಕ್' ಅಂದಿತು. ಚಕ್ರ ಒಮ್ಮೆ ಜಗ್ಗಿತು, ಮೋಟಾರ್ ಸತ್ತಿತು. ಇಳಿದು ನೋಡಿದೆ. ಎಡಗಡೆಯ ನಟ್ ಸಡಿಲ. ಆಕ್ಸಲ್ ಕಚ್ಚಿನೊಳಗೇ ತಿರುಗಿ, ಅದರ ತುದಿಯಿಂದ ಹೊರಬರುವ ಕಪ್ಪು ಕೇಬಲ್ ಆಕ್ಸಲ್‌ಗೆ ಎರಡು ಸುತ್ತು ಸುತ್ತಿಕೊಂಡಿತ್ತು, ದೀಪದ ಬತ್ತಿ ಹೊಸೆದ ಹಾಗೆ. ಹೊರಗವಚ ಹರಿದ ಕಡೆ ಹಳದಿ, ಹಸಿರು, ನೀಲಿ ವೈರ್‌ಗಳ ತಾಮ್ರ ಒಂದಕ್ಕೊಂದು ಅಂಟಿ ಕರಕಲಾಗಿತ್ತು. ಕಚ್ಚಿನ ಎರಡು ಅಂಚೂ ದುಂಡಗಾಗಿದ್ದವು. ಇದೇ ಮುಂಚಕ್ರದಲ್ಲಿ ಆಗಿದ್ದರೆ ಚಕ್ರವೇ ಕಳಚಿ ಬೀಳುತ್ತಿತ್ತು.

ಮನೆಗೆ ತಂದ ಮೇಲೆ ಏನೇನು ಸುಟ್ಟಿದೆ ಅಂತ ಹುಡುಕಬೇಕಿತ್ತು. ಗೇರ್ ಇರುವ ಹಬ್ಬಿನಲ್ಲಿ ಚಕ್ರವನ್ನು ಮುಂದಕ್ಕೆ ತಿರುಗಿಸಿದರೆ ಒಳಗಿನ ಮೋಟಾರ್ ತಿರುಗುವುದಿಲ್ಲ, ಪರೀಕ್ಷೆಗೆ ಹಿಂದಕ್ಕೇ ತಿರುಗಿಸಬೇಕು. ಮೊದಲು ಅಕ್ಕ ಕೇಬಲ್ಲಿನಲ್ಲಿ ಅಂಟಿಕೊಂಡಿದ್ದ ಭಾಗವನ್ನು ಕತ್ತರಿಸಿ ತಾತ್ಕಾಲಿಕವಾಗಿ ಜೋಡಿಸಿದಳು. ಬ್ಯಾಟರಿ ತೆಗೆದಿಟ್ಟು, ಕಂಟ್ರೋಲರಿಗೆ ಮೋಟಾರ್ ಸಿಕ್ಕಿಸಿ ಚಕ್ರವನ್ನು ಹಿಂದಕ್ಕೆ ತಿರುಗಿಸಿದರೆ ಗಟ್ಟಿ, ತಡೆದು ತಡೆದು ಬರುತ್ತಿತ್ತು. ಮೋಟಾರಿನ ಕನೆಕ್ಟರ್ ಬಿಚ್ಚಿದ ಕೂಡಲೇ ಹಗುರಾಯಿತು. ಬಿಚ್ಚಿದಾಗ ಹಗುರಾದರೆ ಕಂಟ್ರೋಲರಿನ ಮಾಸ್‌ಫೆಟ್ (ಕರೆಂಟನ್ನು ಹಚ್ಚಿ ಆರಿಸುವ ಸ್ವಿಚ್ಚಿನಂಥ ಬಿಡಿಭಾಗ) ಹೋಗಿದೆ ಎಂದರ್ಥ. ಬಿಚ್ಚಿದ ಮೇಲೂ ಗಟ್ಟಿಯಾಗಿದ್ದರೆ ದೋಷ ಮೋಟಾರಿನ ಕಡೆಯೇ.

ನಮ್ಮದರಲ್ಲಿ ಎರಡೂ ಕಡೆ ಪೆಟ್ಟಾಗಿತ್ತು. ಮೋಟಾರಿನ ಸ್ಥಾನ ಹೇಳುವ ಮೂರು ಹಾಲ್ ಸೆನ್ಸರುಗಳು 5 ವೋಲ್ಟಿನಲ್ಲಿ ಕೆಲಸ ಮಾಡುವಂಥವು. ಮೋಟಾರಿಗೆ ಕರೆಂಟ್ ಒಯ್ಯುವ ದಪ್ಪ ವೈರಿನ 36 ವೋಲ್ಟ್ ಅವಕ್ಕೆ ತಾಗಿದರೆ ಉಳಿಯುವುದಿಲ್ಲ. ಅಕ್ಕ ಮೊಬೈಲ್ ಚಾರ್ಜರಿನ 5 ವೋಲ್ಟನ್ನು ಕೆಂಪು-ಕಪ್ಪು ವೈರ್‌ಗಳಿಗೆ ಕೊಟ್ಟು, ಪ್ರತಿ ಸೆನ್ಸರ್ ವೈರಿಗೂ 5 ವೋಲ್ಟಿನಿಂದ 10 ಕಿಲೋ ಓಮ್ ರೆಸಿಸ್ಟರ್ ಜೋಡಿಸಿದಳು. ನಾನು ಚಕ್ರವನ್ನು ಮೆಲ್ಲಗೆ ಹಿಂದಕ್ಕೆ ತಿರುಗಿಸುತ್ತಿದ್ದೆ. ಸೆನ್ಸರ್ ಬದುಕಿದ್ದರೆ ಮೀಟರಿನಲ್ಲಿ 5, 0, 5, 0 ಅಂತ ಕುಣಿಯಬೇಕು. ಹಳದಿ ಕುಣಿಯಿತು. ಹಸಿರು 5ರಲ್ಲೇ ನಿಂತಿತು. ನೀಲಿಯೂ ಅಷ್ಟೇ.

ಹೊಸ ಕಂಟ್ರೋಲರ್, ಕೇಬಲ್, ಸೆನ್ಸರ್, ಸರಿಯಾದ ಕ್ಲಿಪ್. ಎಲ್ಲ ಸೇರಲು ಒಂದು ತಿಂಗಳು. ಆ ತಿಂಗಳು ನಾನು ಸೈಕಲ್ಲಿನ ಕಡೆ ನೋಡಲೇ ಇಲ್ಲ. ಮಾರಿಬಿಡೋಣ ಅಂತಲೂ ಅನ್ನಿಸಿತ್ತು. ಸಾಮಾನು ಬಂದ ಮೇಲೆ ಮೋಟಾರಿನ ಮುಚ್ಚಳದ ಸ್ಕ್ರೂ ಬಿಚ್ಚಿದಾಗ ಬೇಸರ ಸ್ವಲ್ಪ ಕರಗಿತು. ಬಿಳಿ ನೈಲಾನಿನ ಮೂರು ಗೇರುಗಳು ಗ್ರೀಸಿನಲ್ಲಿ ಮಿಂದು ಹೊಳೆಯುತ್ತಿದ್ದವು. ಅವುಗಳ ಕೆಳಗೆ ಅಂಗೈಯಷ್ಟು ಮೋಟಾರ್, ತಾಮ್ರದ ಸುರುಳಿಗಳು ಒಂದರ ಪಕ್ಕ ಒಂದು ಒತ್ತಾಗಿ. ಹಿಂಚಕ್ರದ ಹಬ್‌ನಲ್ಲಿ ಮೋಟಾರ್ ಇಟ್ಟ ಸೈಕಲ್ಲಿಗೆ ಆಗ್ಡನ್ ಬೋಲ್ಟನ್ ಎಂಬವರು ಅಮೆರಿಕದಲ್ಲಿ ಪೇಟೆಂಟ್ ಪಡೆದದ್ದು 1895ರಲ್ಲಿ. ಅದರಲ್ಲಿ ಗೇರ್ ಇರಲಿಲ್ಲ, ಆದರೆ ಇದೇ ಜಾಗ, ಇದೇ ನಿಂತ ಆಕ್ಸಲ್.

ಅಕ್ಕ ಮೂರೂ ಸೆನ್ಸರ್ ಬದಲಿಸಿದಳು. ಒಂದು ಬದುಕಿದ್ದರೂ ಮತ್ತೆ ಮುಚ್ಚಳ ತೆಗೆಯುವ ಕೆಲಸ ಬೇಡ ಅಂತ. ಹಳೆಯದು ಯಾವ ಮುಖವಾಗಿ ಕೂತಿತ್ತೋ ಹೊಸದೂ ಹಾಗೇ ಕೂರಬೇಕು, ಆದ್ದರಿಂದ ಕೀಳುವ ಮೊದಲು ಫೋಟೋ ತೆಗೆದಿಟ್ಟುಕೊಳ್ಳಿ. ಹೊಸ ಕಂಟ್ರೋಲರಿನ ಬಣ್ಣಗಳು ಹಳೆಯದರ ಜೊತೆ ಹೊಂದಲಿಲ್ಲ. ಮೂರು ದಪ್ಪ ವೈರ್, ಮೂರು ಸೆನ್ಸರ್ ವೈರ್ ಅಂದರೆ 36 ಬಗೆಯ ಜೋಡಣೆ. ಅದರಲ್ಲಿ ಮೂರು ಮಾತ್ರ ಸರಿಯಾಗಿ ಮುಂದಕ್ಕೆ ಓಡಿಸುತ್ತವೆ, ಮೂರು ಹಿಂದಕ್ಕೆ. ಇನ್ನು ಕೆಲವು ಓಡಿಸಿದಂತೆ ಕಾಣುತ್ತವೆ, ಆದರೆ ಗರಗರ ಸದ್ದು, ವಿಪರೀತ ಕರೆಂಟು. ಚಕ್ರವನ್ನು ಎತ್ತಿ ಹಿಡಿದು, ಥ್ರಾಟಲ್ ಸ್ವಲ್ಪವೇ ತಿರುಗಿಸಿ ನೋಡಿ. ನಮಗೆ ಹದಿನಾಲ್ಕನೇ ಜೋಡಣೆಗೆ ಸಿಕ್ಕಿತು. ಚಕ್ರ ಸದ್ದಿಲ್ಲದೆ ತಿರುಗಿದಾಗ ಅಕ್ಕ ಮೀಟರ್ ಕೆಳಗಿಟ್ಟು, "ಸಾಕು ಕಣೋ, ಇನ್ನು ಮುಟ್ಟಬೇಡ" ಅಂದಳು.

ಕಚ್ಚಿನ ದುಂಡಗಾದ ಅಂಚುಗಳಿಗೆ ಮೇಸ್ತ್ರಿಯವರು ಉಕ್ಕಿನ ತಗಡು ಬೆಸೆದು ಹೊಸದಾಗಿ 10 ಮಿಲಿಮೀಟರಿಗೆ ಅರ ಹಾಕಿಕೊಟ್ಟರು. ಈ ಸಲ ಎರಡೂ ಕಡೆ ಟಾರ್ಕ್ ಆರ್ಮ್. ನಟ್‌ಗಳನ್ನು ಕೈ ಅಂದಾಜಿಗೆ ಬಿಡದೆ, ಟಾರ್ಕ್ ಸ್ಪ್ಯಾನರಿನಿಂದ 40 ನ್ಯೂಟನ್ ಮೀಟರಿಗೆ ಬಿಗಿದೆ.

ಖರ್ಚಿನ ಮಾತು. ಸಿದ್ಧ ಎಲೆಕ್ಟ್ರಿಕ್ ಸೈಕಲ್ಲಿಗಿಂತ ಅಗ್ಗ ಎನ್ನುವುದಕ್ಕೇ ಈ ಕೆಲಸಕ್ಕೆ ಇಳಿಯುವವರು ಒಮ್ಮೆ ಯೋಚಿಸಿ. ನಾನು ಮೊದಲು ಹಾಕಿದ್ದ ಲೆಕ್ಕದಲ್ಲಿ ಬ್ಯಾಟರಿ ಅರ್ಧ, ಮೋಟಾರ್ ಕಿಟ್ ಉಳಿದರ್ಧ. ಟಾರ್ಕ್ ಆರ್ಮ್, ಕನೆಕ್ಟರ್, ಹೊಸ ಬ್ರೇಕ್ ಪ್ಯಾಡ್, ಫ್ರೀವೀಲ್, ಫ್ರೇಮ್ ಕೆಲಸ, ಇವೆಲ್ಲ ಲೆಕ್ಕದಲ್ಲೇ ಇರಲಿಲ್ಲ. ಸುಟ್ಟದ್ದನ್ನೂ ಸೇರಿಸಿದರೆ ಅಂದುಕೊಂಡದ್ದರ ಒಂದೂವರೆ ಪಟ್ಟಾಯಿತು. ಬ್ರೇಕ್ ಪ್ಯಾಡಿನಲ್ಲಿ ಮಾತ್ರ ಉಳಿತಾಯ ನೋಡಬೇಡಿ. ಹದಿನೈದು ಕಿಲೋ ಇದ್ದ ಸೈಕಲ್ ಈಗ ಇಪ್ಪತ್ತೆರಡು ಕಿಲೋ. ತುಳಿಯುವುದು ನಿಲ್ಲಿಸಿದರೂ ಮೋಟಾರ್ ಒಂದು ಕ್ಷಣ ಎಳೆಯುತ್ತಲೇ ಇರುತ್ತದೆ. ಬ್ರೇಕ್ ಹಿಡಿದೊಡನೆ ಕರೆಂಟ್ ಕಡಿಯುವ ಹಿಡಿಗಳನ್ನು ಹಾಕಿಸಲೇಬೇಕು.

ಥ್ರಾಟಲ್ ಮೇಲೇ ಓಡಿಸಿದರೆ ನನಗೆ ಕಿಲೋಮೀಟರಿಗೆ 14 ವ್ಯಾಟ್ ಅವರ್ ಹೋಗುತ್ತದೆ, ತುಳಿಯುತ್ತಾ ಹೋದರೆ 8. ಒಂದೇ ಬ್ಯಾಟರಿಯಲ್ಲಿ 33 ಕಿಲೋಮೀಟರ್ ಎಲ್ಲಿ, 58 ಎಲ್ಲಿ. ಹೋಗಿಬರುವ 22 ಕಿಲೋಮೀಟರ್ ತುಳಿದುಕೊಂಡೇ ಮಾಡುತ್ತೇನೆ. ಮಂಡಿ ನೋವು ಮರೆತೇ ಹೋಗಿದೆ.

ಎರಡನೇ ಸಲ ನಟ್ ಬಿಗಿದ ದಿನ ಬಿಳಿ ಪೇಂಟಿನಿಂದ ನಟ್ಟಿನ ಮೇಲಿಂದ ಟಾರ್ಕ್ ಆರ್ಮ್‌ವರೆಗೆ ಒಂದು ಗೆರೆ ಎಳೆದಿದ್ದೆ. ನಟ್ ಕೂದಲೆಳೆಯಷ್ಟು ತಿರುಗಿದರೂ ಗೆರೆ ಮುರಿಯುತ್ತದೆ. ದಿನಾ ಬೆಳಿಗ್ಗೆ ಹೊರಡುವ ಮೊದಲು ಬಗ್ಗಿ ಎರಡೂ ಕಡೆ ನೋಡುತ್ತೇನೆ. ಇವತ್ತು 312ನೇ ಕಿಲೋಮೀಟರ್. ಗೆರೆ ನೇರವಾಗಿಯೇ ಇದೆ.